ಕೊಡಗಿನ ಮಗುವಿಗೆ ಫ್ರೆಂಚ್ ಥರದ ಹೆಸರು ಇಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ವಿರಾಜಪೇಟೆ ಕಡೆಯವರು. ಮನೆಯಲ್ಲಿ ಯಾರಿಗೂ ಫ್ರಾನ್ಸ್ ಜೊತೆ ನಂಟಿಲ್ಲ. ಆದರೂ ಮಗಳಿಗೆ ಫ್ರೆಂಚ್ ಥರ ಕೇಳಿಸುವ ಹೆಸರಿಡುವ ಆಸೆ. ಅಮೆಲಿ, ರೆನೆ, ಎಮೆ, ಮಾರ್ಗೊ ಈ ನಾಲ್ಕು ಪಟ್ಟಿಯಲ್ಲಿವೆ. ನಿಮ್ಮ ಅತ್ತೆಗೆ ಮಾತ್ರ ತಮ್ಮ ತಾಯಿಯ ಹೆಸರು, ಮುತ್ತಮ್ಮ, ಅದೇ ಆಗಬೇಕು. ನಮ್ಮದಲ್ಲದ ಹೆಸರು ಇಟ್ಟರೆ ತಪ್ಪಾ ಅಂತ ಕೇಳಿದ್ದೀರಿ.

ತಪ್ಪೇನೂ ಇಲ್ಲ, ಧೈರ್ಯವಾಗಿ ಇಡಿ. ನಾನು ಮಡಿಕೇರಿಯವಳು, ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತೇನೆ. ಹಾಗಾಗಿ ಈ ಹೆಸರುಗಳು ಅಲ್ಲಿನವರ ಬಾಯಲ್ಲಿ ಹೇಗಿರುತ್ತವೆ, ನಮ್ಮವರ ಬಾಯಿಗೆ ಬಂದಾಗ ಏನಾಗುತ್ತವೆ, ಎರಡನ್ನೂ ದಿನಾ ಕೇಳುತ್ತಿರುತ್ತೇನೆ. ನನ್ನ ಅಳತೆ ಒಂದೇ. ನಿಮ್ಮ ಅತ್ತೆ ಕಣದಲ್ಲಿ ಕಾಫಿ ಹರಡುತ್ತಾ ಅಲ್ಲಿಂದಲೇ ಮೊಮ್ಮಗಳನ್ನು ಕೂಗಿ ಕರೆದರೆ ಆ ಹೆಸರು ಕೆಡದೆ ಉಳಿಯಬೇಕು. ಪ್ಯಾರಿಸ್ಸಿನವರು ಅದನ್ನು ಹೇಗೆ ಹೇಳುತ್ತಾರೆ ಅನ್ನೋದು ಆಮೇಲಿನ ಮಾತು. ಮಗು ಬೆಳೆಯುವುದು ನಿಮ್ಮ ಮನೆಯಲ್ಲಿ ಅಲ್ವಾ?

ಹೊರಗಿನ ಹೆಸರು ತರುವುದರಲ್ಲಿ ಫ್ರೆಂಚರೇ ಹಿಂದೆ ಬಿದ್ದಿಲ್ಲ. 1803ರ ಒಂದು ಕಾನೂನಿನ ಪ್ರಕಾರ ಅಲ್ಲಿ ಕ್ಯಾಲೆಂಡರಿನಲ್ಲಿರುವ (ಹೆಚ್ಚಾಗಿ ಸಂತರ) ಹೆಸರು ಅಥವಾ ಪ್ರಾಚೀನ ಇತಿಹಾಸದವರ ಹೆಸರು ಮಾತ್ರ ಇಡಬೇಕಿತ್ತು. ಕಾಲ ಕಳೆದಂತೆ ಅದು ಸಡಿಲವಾಯಿತು. 1993ರಲ್ಲಿ ತಂದೆ ತಾಯಿಗೆ ಇಷ್ಟ ಬಂದ ಹೆಸರಿಡುವ ಸ್ವಾತಂತ್ರ್ಯ ಸಿಕ್ಕಿತು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಗಂಡು ಮಕ್ಕಳಿಗೆ ಅತಿ ಹೆಚ್ಚು ಇಡುತ್ತಿದ್ದ ಹೆಸರು ಯಾವುದು ಗೊತ್ತಾ? ಕೆವಿನ್. ಐರ್ಲೆಂಡಿನ ಹೆಸರು. ಆಮೇಲೆ ಆ ಕೆವಿನ್‌ಗಳು ದೊಡ್ಡವರಾದಾಗ ಹೆಸರಿನ ಕಾರಣಕ್ಕೇ ಜನರಿಂದ ಹಗುರವಾದ ಮಾತು ಕೇಳಬೇಕಾಯಿತು. ಹೆಸರು ಹೊರಗಿನದು ಅನ್ನೋದಕ್ಕಿಂತ ಒಂದೇ ಅಲೆಯಲ್ಲಿ ಎಲ್ಲರೂ ಅದನ್ನೇ ಇಟ್ಟರು ಅನ್ನೋದೇ ಅಲ್ಲಿ ತೊಂದರೆ ಮಾಡಿತು. ಇನ್ನೂ ಒಂದು ವಿಷಯ: ಮಗುವಿಗೆ ತೊಂದರೆಯಾಗುವ ಹೆಸರಾದರೆ ಅಲ್ಲಿ ಕೋರ್ಟ್ ಈಗಲೂ ತಡೆಯಬಹುದು. ಒಂದು ದಂಪತಿ ಮಗಳಿಗೆ ನುಟೆಲ್ಲಾ ಅಂತ ಇಟ್ಟಾಗ, ಮಕ್ಕಳು ಆಡಿಕೊಳ್ಳುತ್ತಾರೆ ಅಂತ ನ್ಯಾಯಾಧೀಶರು ಅದನ್ನು ಎಲ್ಲಾ ಅಂತ ಬದಲಿಸಿದರು.

ನಮ್ಮ ಕೊಡಗಿನಲ್ಲಂತೂ ಎರಡೆರಡು ಹೆಸರು ಹೊಸದೇ ಅಲ್ಲ. ಜನರಲ್ ತಿಮ್ಮಯ್ಯ ಬ್ರಿಟಿಷ್ ಅಧಿಕಾರಿಗಳ ಬಾಯಲ್ಲಿ ಟಿಮ್ಮಿ ಆಗಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಿಪ್ಪರ್ ಆಗಿದ್ದರು. ಇವತ್ತು ಯಾವ ಮದುವೆ ಕಾಗದ ತೆಗೆದು ನೋಡಿದರೂ ಮುಂದೆ ಹೊಸ ಕಾಲದ ಹೆಸರು, ಹಿಂದೆ ಪೊನ್ನಮ್ಮ, ದೇಚಮ್ಮ, ಬೋಪಣ್ಣ, ಅದರ ಜೊತೆ ಮನೆ ಹೆಸರು.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ.

ಎಮೆ ಬೇಡ. ಪ್ರೀತಿಪಾತ್ರಳು ಅನ್ನುವ ಅರ್ಥದ ಬಹಳ ಚೆಂದದ ಹೆಸರು ಅದು, ನನಗೂ ಇಷ್ಟ. ಆದರೆ ಒಂದನೇ ಕ್ಲಾಸಿನ ಮಕ್ಕಳ ಮಧ್ಯೆ ಅದು ಎಮ್ಮೆ ಆಗಲು ಒಂದು ದಿನವೂ ಬೇಡ. ಇಂಗ್ಲಿಷಿನವರ ಹಾಗೆ ಏಮಿ ಅಂತ ಕರೆದರೆ ಉಳಿಯುತ್ತದೆ, ಆದರೆ ಆಗ ಫ್ರೆಂಚ್ ಥರ ಕೇಳಿಸುವುದಿಲ್ಲ. ಇದೇ ಕಾರಣಕ್ಕೆ ಕೊಲೆಟ್ ಅನ್ನುವ ಹೆಸರನ್ನೂ ಯಾರಿಗೂ ಹೇಳುವುದಿಲ್ಲ. ಕನ್ನಡದಲ್ಲಿ ಬರೆದು ನೋಡಿ, ಮೊದಲೆರಡು ಅಕ್ಷರ ಏನು ಅಂತ ಕಾಣುತ್ತದೆ.

ರೆನೆ ಪರವಾಗಿಲ್ಲ. ಆದರೆ ಅಲ್ಲಿ ಅದು ಗಂಡಿಗೂ ಹೆಣ್ಣಿಗೂ ಇರುವ ಹೆಸರು, ಕೇಳಲು ಒಂದೇ ಥರ. ಬರೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಗಂಡಿಗೆ ಕೊನೆಗೆ ಒಂದು ಇ, ಹೆಣ್ಣಿಗೆ ಎರಡು. ನಮ್ಮ ಕಡೆ ಎರಡು ಇ ನೋಡಿದವರು ರೆನೀ ಅಂತಲೇ ಓದುತ್ತಾರೆ. ನಿಮಗೆ ರೆನೆ ಅಂತಲೇ ಕೇಳಬೇಕು ಅಂದರೆ ಜೀವನಪೂರ್ತಿ ತಿದ್ದಬೇಕಾಗುತ್ತದೆ. ಅತ್ತೆ ರೇಣು ಅಂತ ಕರೆದುಕೊಳ್ಳಬಹುದು ಅನ್ನೋದು ಮಾತ್ರ ಇದರ ಒಳ್ಳೆಯ ಗುಣ.

ಅಮೆಲಿ ಹೇಳಲು ಸುಲಭ. ಆದರೆ ಓದುವವರು ಅದನ್ನು ಎಮಿಲಿ ಮಾಡುತ್ತಾರೆ. ಸ್ವಲ್ಪ ಅವಸರದಲ್ಲಿ ಕರೆದರೆ ಅಮಲಿ ಆಗುತ್ತದೆ, ಅಲ್ಲಿಂದ ಅಮಲು ದೂರವಿಲ್ಲ. ಬಿಡಿ ಅಂತ ಹೇಳುವುದಿಲ್ಲ, ಒಂದು ಸಲ ಯೋಚಿಸಿ.

ಉಳಿದದ್ದು ಮಾರ್ಗೊ. ಇದು ಮಾರ್ಗರಿತ್ ಅನ್ನುವ ಹೆಸರಿನ ಮುದ್ದಿನ ರೂಪ. ಅದು ಬಂದದ್ದು ಗ್ರೀಕ್ ಭಾಷೆಯ ಮುತ್ತು ಅನ್ನುವ ಪದದಿಂದ. ಅಂದರೆ ನಿಮ್ಮ ಅತ್ತೆ ಕೇಳುತ್ತಿರುವ ಹೆಸರು ನಿಮ್ಮ ಪಟ್ಟಿಯಲ್ಲಿ ಆಗಲೇ ಇದೆ! ಇದನ್ನು ಮೊದಲು ಅವರಿಗೆ ಹೇಳಿ. ಆಮೇಲೆ ಮಾರ್ಗೊ ಮುತ್ತಮ್ಮ ಅಂತ ಎರಡನ್ನೂ ಸೇರಿಸಿ ಇಡಿ. ಮುತ್ತಮ್ಮ ಅನ್ನೋದನ್ನು ಸುಮ್ನೆ ಅತ್ತೆಯ ಸಮಾಧಾನಕ್ಕೆ ಸೇರಿಸಿದ್ದು ಅಂತ ಅಂದುಕೊಳ್ಳಬೇಡಿ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ನಿಮ್ಮ ವಿರಾಜಪೇಟೆಯಲ್ಲೇ ಹುಟ್ಟಿದ ಸಿ.ಬಿ. ಮುತ್ತಮ್ಮ. 1949ರಲ್ಲಿ ಸೇವೆಗೆ ಸೇರಿದ ಅವರನ್ನು ಮೊದಲು ಕಳಿಸಿದ್ದು ಪ್ಯಾರಿಸ್ಸಿನ ರಾಯಭಾರ ಕಚೇರಿಗೆ. ಹೆಂಗಸು ಅನ್ನುವ ಕಾರಣಕ್ಕೆ ಬಡ್ತಿ ತಪ್ಪಿಸಿದರು ಅಂತ ಸುಪ್ರೀಂ ಕೋರ್ಟಿಗೆ ಹೋದರು. 1979ರ ಆ ತೀರ್ಪಿನಲ್ಲಿ ಸೇವಾ ನಿಯಮಗಳಲ್ಲಿದ್ದ ತಾರತಮ್ಯವನ್ನು ಕೋರ್ಟ್ ಕಟುವಾಗಿ ಟೀಕಿಸಿತು. ಆ ಹೆಸರು ನಿಮ್ಮ ಮಗಳಿಗೆ ಸಿಗುತ್ತದೆ ಅಂದರೆ ನನಗೇ ಖುಷಿ.

ಇದೇ ದಾರಿಯಲ್ಲಿ ಬೇರೆ ಹೆಸರೂ ಸಿಗುತ್ತವೆ. ಅಜ್ಜಿ ಪೊನ್ನಮ್ಮ ಆಗಿದ್ದರೆ ಒರೆಲಿ, ಅದರ ಬೇರು ಬಂಗಾರ. ಕಾಡು ಇಷ್ಟವಾದರೆ ಸಿಲ್ವಿ. ಲೀನಾ, ಮಾಯಾ ಅನ್ನೋದನ್ನು ಫ್ರಾನ್ಸಿನಲ್ಲೂ ಇಡುತ್ತಾರೆ. ಶಾಂತಲಾ ಅಂತ ಇಟ್ಟರೆ ಅಲ್ಲಿನವರ ಕಿವಿಗೆ ಅವರದೇ ಶಾಂತಾಲ್ ಕೇಳಿಸುತ್ತದೆ, ಆದರೆ ಅಲ್ಲಿ ಅದು ಅಜ್ಜಿಯರ ಕಾಲದ ಹೆಸರು. ಮುಂದೆ ಮಗ ಹುಟ್ಟಿದರೆ ಮಾಹೆ ಇದೆ. ಮಾಕುಟ್ಟ ಘಾಟಿ ಇಳಿದು ತಲಶ್ಶೇರಿ ಕಡೆ ಹೋದರೆ ಸಿಗುವ, 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಅದೇ ಮಾಹೆ. ಈಗ ಫ್ರಾನ್ಸಿನಲ್ಲಿ ಗಂಡು ಮಕ್ಕಳಿಗೆ ಇಡುವ ಹೆಸರು ಅದು.

ಅರ್ಥ ಗೊತ್ತಿಲ್ಲದೆ ಮಾತ್ರ ಏನನ್ನೂ ಆರಿಸಬೇಡಿ. ನೊಯೆಲ್ ಅಂದರೆ ಕ್ರಿಸ್‌ಮಸ್, ಪಾಸ್ಕಲ್ ಈಸ್ಟರ್‌ಗೆ ಸೇರಿದ್ದು. ನಿಮ್ಮ ಮನೆಯಲ್ಲಿ ಅದು ಸರಿಯಾ ಅಂತ ನೀವೇ ನೋಡಿಕೊಳ್ಳಿ. ಶೆರಿ, ಬಿಜೂ ಅಂತ ನೆಟ್‌ನಲ್ಲಿ ಸಿಗುವ ಪಟ್ಟಿಗಳನ್ನೂ ನಂಬಬೇಡಿ. ಶೆರಿ ಅಂದರೆ ಅಲ್ಲಿ ಗಂಡ ಹೆಂಡತಿ ಪ್ರೀತಿಯಿಂದ ಕರೆದುಕೊಳ್ಳುವ ಮಾತು.

ಸ್ಪೆಲಿಂಗ್ ಬಗ್ಗೆ ಹುಷಾರಾಗಿರಿ. ಮಾರ್ಗೊವನ್ನು ಅಲ್ಲಿ ಎರಡು ಥರ ಬರೆಯುತ್ತಾರೆ. ಒಂದರ ಕೊನೆಯಲ್ಲಿ ಟಿ, ಇನ್ನೊಂದರ ಕೊನೆಯಲ್ಲಿ ಎಕ್ಸ್. ಎರಡೂ ಉಚ್ಚಾರವಿಲ್ಲದ ಅಕ್ಷರಗಳು. ರೆನೋ ಕಾರನ್ನು ನಮ್ಮವರು ಎಷ್ಟು ದಿನ ರೆನಾಲ್ಟ್ ಅಂದರು ನೆನಪಿದೆ ಅಲ್ವಾ? ಎಕ್ಸ್ ಇರುವುದು ಚೀಟಿಯಲ್ಲಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ನರ್ಸ್ ಒಂದು ಕ್ಷಣ ತಡೆದು, ಮಾರ್ಗಾಕ್ಸ್ ಯಾರು ಅಂತ ಕೂಗುತ್ತಾರೆ. ಅವರದೇನೂ ತಪ್ಪಿಲ್ಲ, ಬರೆದದ್ದನ್ನು ಓದಿದ್ದಾರೆ. ಟಿ ಇರುವುದನ್ನೇ ಇಟ್ಟುಕೊಳ್ಳಿ. ಅಕ್ಷರದ ಮೇಲಿನ ಗೀಟುಗಳು ನಮ್ಮ ದಾಖಲೆಗಳಲ್ಲಿ ಬರುವುದಿಲ್ಲ, ಅವುಗಳ ಆಸೆ ಬಿಡಿ.

ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ. ಹೆಸರು ತೀರ್ಮಾನವಾಗದಿದ್ದರೆ ಆ ಜಾಗ ಖಾಲಿ ಬಿಟ್ಟರೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಹಾಗಾಗಿ ಅತ್ತೆಯ ಜೊತೆ ಕೂತು ಮಾತಾಡಲು ಬೇಕಾದಷ್ಟು ಸಮಯವಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಆದ್ದರಿಂದ ಅದರಲ್ಲಿ ತಪ್ಪಾಗಬಾರದು. ಅರ್ಜಿ ಕೊಡುವಾಗ ಕನ್ನಡದಲ್ಲಿ ಮಾರ್ಗೊ ಮುತ್ತಮ್ಮ ಅಂತ ನೀವೇ ಬಿಡಿಸಿ ಬರೆದುಕೊಡಿ. ಇಂಗ್ಲಿಷ್ ನೋಡಿಕೊಂಡು ಅವರು ಕನ್ನಡಕ್ಕೆ ಇಳಿಸಿದರೆ ಅದು ಮಾರ್ಗಾಟ್ ಆಗಿ ಅಚ್ಚಾಗಬಹುದು.