ಯಾವ ಅಧಿಕಾರ ಬೇಡ, ಹೆಸರಿಟ್ಟು ಹೇಳಿ

ತೀರ್ಥಹಳ್ಳಿಯ ಗೆಳೆಯರಿಗೆ ನಮಸ್ಕಾರ.

‘ಪಂಚಾಯ್ತಿ ಕೈ ಬಿಡಲಿ, ನಾವು ಬದುಕ್ತೀವಿ’ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸುವ ಬರಹವೂ ಅಲ್ಲ. ಅದಕ್ಕೇ ಈ ಉದ್ದದ ಪತ್ರ.

ನಿಮ್ಮ ವಾದ ಇಷ್ಟು. ಊರಿನ ಸರ್ಕಾರ ದಾರಿ, ನೀರು, ಬೀದಿದೀಪ ನೋಡಿಕೊಂಡರೆ ಸಾಕು. ಉಳಿದದ್ದಕ್ಕೆ ತಲೆ ಹಾಕಬಾರದು. ಅವರವರ ಜಾಗದಲ್ಲಿ ಅವರವರು ಬೇಕಾದ್ದು ಮಾಡಿಕೊಳ್ಳಲಿ. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕೂತು ಕಾದವರೆಲ್ಲ ಇದಕ್ಕೆ ಹೌದು ಅನ್ನುತ್ತಾರೆ. ಆದರೆ ಮೊದಲ ಮೂರು ಪುಟದಲ್ಲಿ ಕಣ್ಣಿಗೆ ಕಾಣುವಂಥದ್ದು ಒಂದೂ ಇಲ್ಲ. ನಾಲ್ಕನೇ ಪುಟದಲ್ಲಿ, ಅದೂ ಆವರಣದೊಳಗೆ, ಅಡಿಕೆ ಸುಲಿಯುವ ಶೆಡ್ಡಿಗೆ ಪರವಾನಗಿ ಕೇಳಿ ಕೊನೆಕೊಯ್ಲು ಮುಗಿಯುವ ತನಕ ಅಲೆದಿದ್ದು ಬರುತ್ತದೆ. ಲೇಖನ ಇರುವುದೇ ಅಲ್ಲಿ! ಯಾವ ಕಾಗದ ಕೇಳಿದರು, ಯಾರ ಸಹಿಗೆ ಕಾದಿರಿ, ಹಸಿ ಅಡಿಕೆಯನ್ನು ಎಲ್ಲಿಗೆ ಸಾಗಿಸಿದಿರಿ? ಅದನ್ನು ಮುಂದಕ್ಕೆ ತನ್ನಿ.

ಇಲಾಖೆಗಳನ್ನು ಕಲಸಿಬಿಟ್ಟಿದ್ದೀರಿ. ನಿಮ್ಮ ಜಮೀನಿನ ಮರ ಕಡಿಯಲು ಬಿಡದಿರುವುದು ಪಂಚಾಯ್ತಿ ಅಲ್ಲ. ಅದು 1976ರ ಮರ ಸಂರಕ್ಷಣೆಯ ಕಾಯ್ದೆ, ಅನುಮತಿ ಕೊಡಬೇಕಾದ್ದು ಅರಣ್ಯ ಇಲಾಖೆ. ಬಗರ್‌ಹುಕುಂ ಅರ್ಜಿ, ಅಂದರೆ ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡಿ ಅನ್ನುವ ಅರ್ಜಿ, ಕಂದಾಯ ಇಲಾಖೆಯದ್ದು. ಪಂಚಾಯ್ತಿಯದ್ದು ಮನೆ ಕಂದಾಯ, ನೀರಿನ ದುಡ್ಡು, ಆಸ್ತಿ ದಾಖಲೆಯ ನಮೂನೆ 9 ಮತ್ತು 11, ಕಟ್ಟಡದ ಪರವಾನಗಿ, ಇಂಥವು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾದಾಗ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯೇನೋ ಬಂತು. ಪಟ್ಟಿಯಲ್ಲಿರುವುದೆಲ್ಲ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿಗೆ ಬಂದಿಲ್ಲ. ನೀವು ಹೇಳಿಕೊಂಡ ಕಷ್ಟಗಳಲ್ಲಿ ಜಾಸ್ತಿ ಬೆಂಗಳೂರಿನಿಂದ ಬಂದವು, ಬೈಗುಳ ಮಾತ್ರ ಪಂಚಾಯ್ತಿಗೆ. ಕೈಗೆ ಸಿಗುವವರನ್ನು ಬೈಯೋದು ಸುಲಭ, ಅಲ್ವಾ?

‘ಸರ್ಕಾರವೇ ಬೇಡ ಎಂದ ಊರು’ ಅಂತ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ತಂದಿದ್ದೀರಿ. 1942ರಲ್ಲಿ ಆ ಊರಿನವರು ಬ್ರಿಟಿಷರ ಕಾಲದ ಆಡಳಿತವನ್ನು ಹೊರಗಿಟ್ಟರು, ನಿಜ. ಆದರೆ ಮರುಕ್ಷಣ ಮಾಡಿದ್ದೇನು? ತಮ್ಮ ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಅಂತ ನೇಮಿಸಿಕೊಂಡರು. ಅವರಿಗೆ ಬೇಕಿದ್ದದ್ದು ತಮ್ಮದೇ ಸರ್ಕಾರ. ಈ ಉದಾಹರಣೆ ನಿಮಗೆ ತಿರುಗಿ ಬೀಳುತ್ತದೆ, ತೆಗೆದುಬಿಡಿ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನೀವು ಬರೆಯದೇ ಬಿಟ್ಟ ಕಾಗೋಡು. ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಸ್ವಾತಂತ್ರ್ಯದ ಬಗ್ಗೆ ಆರು ಪುಟ ಬರೆದು, 1951ರ ಸಾಗರ ತಾಲ್ಲೂಕಿನ ಆ ಸತ್ಯಾಗ್ರಹವನ್ನು ಮುಟ್ಟದೇ ಹೋದರೆ ಹೇಗೆ? ಅಲ್ಲಿ ಗೇಣಿದಾರರ ಕುತ್ತಿಗೆ ಮೇಲೆ ಕೂತಿದ್ದದ್ದು ಪಂಚಾಯ್ತಿಯಲ್ಲ, ಒಡೆಯರು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಗಿತ್ತು. ಎದುರು ಮಾತಾಡಿದವರಿಗೆ ಗದ್ದೆ ತಪ್ಪಿತು. ‘ಅವರವರ ಜಾಗದಲ್ಲಿ ಅವರವರ ಇಷ್ಟ’ ಎನ್ನುವ ನಿಮ್ಮ ಸೂತ್ರ ಅಲ್ಲಿಗೆ ಹಾಕಿ ನೋಡಿ. ಗದ್ದೆ ಒಡೆಯರದ್ದು, ಕೊಳಗ ಒಡೆಯರದ್ದು, ಸರ್ಕಾರ ಸುಮ್ಮನಿರಬೇಕು. ಆಗ ಗೇಣಿದಾರನ ಸ್ವಾತಂತ್ರ್ಯ ಎಲ್ಲಿ? ಕೊನೆಗೆ ಗೇಣಿ ತಪ್ಪಿಸಿದ್ದು 1974ರ ಭೂ ಸುಧಾರಣೆ ತಿದ್ದುಪಡಿ, ಅಂದರೆ ಒಂದು ದೊಡ್ಡ ಸರ್ಕಾರದ ದೊಡ್ಡ ಕಾನೂನು. ನಮ್ಮ ಓದುಗರಲ್ಲಿ ಎಷ್ಟೋ ಜನರ ಮನೆಯ ಪಹಣಿ ಹುಟ್ಟಿದ್ದು ಅಲ್ಲಿಂದ. ಅವರಿಗೆ ನೀವು ಉತ್ತರ ಕೊಡಬೇಕು. ಉತ್ತರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ.

ಕಾಗೋಡಿಗೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಗ್ರಾಮ, ಜಿಲ್ಲೆ, ಪ್ರಾಂತ್ಯ, ಕೇಂದ್ರ ಎಂಬ ನಾಲ್ಕು ಕಂಬದ ರಾಜ್ಯದ ಮಾತಾಡಿದವರು. ಅವರು ಅಧಿಕಾರವನ್ನು ಕೆಳಕ್ಕೆ ಇಳಿಸಿ ಎಂದರು. ನೀವು ಅಧಿಕಾರವನ್ನೇ ಕಡಿಮೆ ಮಾಡಿ ಎನ್ನುತ್ತೀರಿ. ಎರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಿದ್ದೀರಿ. ಒಂದನ್ನು ಹಿಡಿಯಿರಿ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಇವತ್ತಿಗೂ ಬೇಸಿಗೆಯ ಹೊತ್ತಿಗೆ ಹೆದರಿಸುತ್ತದೆ. ಮಂಗ ಸತ್ತು ಬಿದ್ದ ಜಾಗದ ಸುತ್ತ ರೋಗ ಅಂಟಿಸುವ ಉಣುಗು (ಉಣ್ಣೆ ಹುಳ) ಹರಡಿರುತ್ತದೆ. ಹೆಣ ಸುಡಬೇಕು, ಪುಡಿ ಹಾಕಬೇಕು, ಆ ಕಡೆ ದನ ಬಿಡಬೇಡಿ, ದರಗು (ಒಣಗಿದೆಲೆ) ತರಬೇಡಿ ಎನ್ನಬೇಕು. ಒಬ್ಬರು ‘ನನ್ನ ಬೆಟ್ಟ, ನನ್ನ ದನ’ ಅಂದರೆ ನಿಮ್ಮ ಪುಟ್ಟ ಸರ್ಕಾರ ತಡೆಯುತ್ತದೋ ಇಲ್ಲವೋ? ತಡೆಯುತ್ತದೆ ಎಂದಾದರೆ ಆ ಅಧಿಕಾರಕ್ಕೆ ಗಡಿ ಎಲ್ಲಿ? ಇದನ್ನು ಬರೆದರೆ ನಿಮ್ಮ ವಾದಕ್ಕೆ ಬೆನ್ನುಮೂಳೆ ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಶೆಡ್ಡಿನ ವಿಷಯದಲ್ಲಿ ನಾನು ಅರ್ಧ ನಿಮ್ಮ ಕಡೆಗೇ. ಸ್ವಂತ ತೋಟದಲ್ಲಿ ನಾಲ್ಕು ಕಂಬ ನೆಟ್ಟು ತಗಡು ಹೊದಿಸಲು ಪಂಚಾಯ್ತಿಗೆ ಒಂದು ತಿಳಿವಳಿಕೆ ಪತ್ರ ಕೊಟ್ಟರೆ ಸಾಕಾಗಬೇಕು. 2011ರ ಸಕಾಲ ಕಾಯ್ದೆ ಅರ್ಜಿಗಳಿಗೆ ಗಡುವು ಹಾಕಿತು, ಅರ್ಜಿ ಹಾಕುವುದನ್ನು ತಪ್ಪಿಸಲಿಲ್ಲ. ಈ ಮಾತು ನಿಮ್ಮ ಲೇಖನದಲ್ಲಿ ಇರಬೇಕಿತ್ತು. ಆದರೆ ಸುಲಿದ ಸಿಪ್ಪೆ ಎಲ್ಲಿಗೆ ಹೋಗುತ್ತದೆ? ರಸ್ತೆ ಬದಿಗೆ ಸುರಿದು ಬೆಂಕಿ ಹಾಕಿದರೆ ಹೊಗೆ ಕುಡಿಯುವವರು ದಾರಿಹೋಕರು. ಅಡಿಕೆ ಬೇಯಿಸಿದ ಚೊಗರಿನ ನೀರು ಹಳ್ಳಕ್ಕೆ ಬಿಟ್ಟರೆ ಕೆಳಗಿನ ಮನೆಯವರ ಗತಿಯೇನು? ಅಷ್ಟಕ್ಕಾದರೂ ನಿಯಮ ಉಳಿಸಿಕೊಳ್ಳಿ.

ಮತ್ತೆ ಬರೆಯುವಾಗ ಆರು ಪುಟವನ್ನು ಮೂರಕ್ಕೆ ಇಳಿಸಿ. ಪಂಚಾಯ್ತಿಯ ಹೆಸರು, ನೌಕರರ ಹೆಸರು ಬೇಡ. ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು ಅಂತ ಕಾನೂನಿದೆ. ಅಲ್ಲಿ ನೀವು ಈ ವಿಷಯ ಎತ್ತಿದಿರಾ? ಎತ್ತಿದ್ದರೆ ಏನಾಯಿತು ಬರೆಯಿರಿ. ಸಭೆಗೇ ಹೋಗಿರದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ, ಓದುಗರು ಕೇಳಿಯೇ ಕೇಳುತ್ತಾರೆ.

ಇಂತಿ,
ಸಂಪಾದಕ