ಸೂಳೆಕೆರೆಯ ಮೀನುಮರಿ: ಬದಲಾಗಿದ್ದು ಕಾಲವೋ, ಮರಿಯೋ?

ಪ್ರಶ್ನೆ: ಸರ್, ನಮ್ಮದು ಸೂಳೆಕೆರೆ ಪಕ್ಕದ ಊರು, ಮೀನು ಹಿಡಿಯುವ ಮನೆತನ. ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ತಿನ್ನುತ್ತವೆ, ಒಂದರ ಊಟಕ್ಕೆ ಇನ್ನೊಂದು ಬರಲ್ಲ ಅಂತ ತರಬೇತಿಯಲ್ಲಿ ಹೇಳಿದ್ದರು. ಸೆಪ್ಟೆಂಬರಿನಲ್ಲಿ ಒಂದಿಂಚಿನ ಮರಿ ಬಿಟ್ಟಿದ್ದೆವು. ಅಕ್ಟೋಬರಿನಲ್ಲಿ ಎರಡು ಇಂಚು ಆದಾಗ ಕೆಲವನ್ನು ಕೊಯ್ದು ಭೂತಗನ್ನಡಿಯಲ್ಲಿ ನೋಡಿದೆ. ಮೂರರ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಒಂದೇ ತರಹದ ಸಣ್ಣ ಸಣ್ಣ ಹುಳ. ಮಾರ್ಚಿನಲ್ಲಿ ಮತ್ತೆ ಕೊಯ್ದೆ. ಮೃಗಾಲಿನ ಹೊಟ್ಟೆಯಲ್ಲಿ ಕರಿ ಕೆಸರು, ರೋಹುವಿನಲ್ಲಿ ಹಸಿರು, ಕಾಟ್ಲಾದಲ್ಲಿ ಮಾತ್ರ ಅದೇ ಹುಳ. ಬದಲಾಗಿದ್ದು ಕಾಲವೋ, ಮರಿಯೋ?

ಇಂಥ ಪ್ರಶ್ನೆ ಬಂದರೆ ನನಗೆ ತುಂಬಾ ಖುಷಿ. ನೀವು ಕೇಳಿದ್ದನ್ನು ಸುಮ್ನೆ ನಂಬಲಿಲ್ಲ, ಕೊಯ್ದು ನೋಡಿದಿರಿ. ಅದೂ ಎರಡು ಸಲ.

ಉತ್ತರ: ಎರಡೂ ಬದಲಾಗಿವೆ. ಆದರೆ ಯಾವುದರ ಪಾಲು ಎಷ್ಟು ಅಂತ ನೀವು ನೋಡಿದ ಮರಿಗಳಿಂದಲೇ ಹೇಳುವುದು ಕಷ್ಟ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಮರಿಯ ವಿಷಯ. ತರಬೇತಿಯಲ್ಲಿ ಹೇಳಿದ ಮೇಲೆ-ನಡುವೆ-ತಳ ಅನ್ನುವ ಲೆಕ್ಕ ಸುಳ್ಳಲ್ಲ, ಆದರೆ ಅದು ಬೆಳೆದ ಮೀನಿನ ಲೆಕ್ಕ. ಮರಿಗಳೆಲ್ಲ ಒಂದೇ ಎಲೆಯಲ್ಲಿ ಉಣ್ಣುತ್ತವೆ. ಮೊಟ್ಟೆಯೊಡೆದ ಮೂರನೇ ದಿನದ ಹೊತ್ತಿಗೆ ಹೊಟ್ಟೆಯ ಕೆಳಗಿನ ಹಳದಿ ಚೀಲ, ಅಂದರೆ ಮೊಟ್ಟೆಯಿಂದ ತಂದ ಬುತ್ತಿ, ಕರಗಿರುತ್ತದೆ. ಅಲ್ಲಿಂದ ಮುಂದೆ ಕಾಟ್ಲಾ ಆಗಲಿ, ಮೃಗಾಲ್ ಆಗಲಿ, ಹುಡುಕುವುದು ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನೇ. ಮೊದಲು ರೋಟಿಫರ್ ಅನ್ನುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ, ಬಾಯಿ ಸ್ವಲ್ಪ ದೊಡ್ಡದಾದ ಮೇಲೆ ನೀರುಚಿಗಟ, ಅಂದರೆ ಚಿಗಟದ ಹಾಗೆ ನೆಗೆಯುವ ಪುಟ್ಟ ನೀರುಹುಳ. ನೀವು ಭೂತಗನ್ನಡಿಯಲ್ಲಿ ನೋಡಿದ ಹುಳಗಳಲ್ಲಿ ನೀರುಚಿಗಟವೇ ಜಾಸ್ತಿ ಇದ್ದಿರಬೇಕು. ಸೊಪ್ಪು, ಕೆಸರು ಅರಗಿಸಲು ಉದ್ದ ಕರುಳು ಬೇಕು. ಎಳೆ ಮರಿಯ ಕರುಳು ಅದರ ಮೈಗಿಂತ ಗಿಡ್ಡ. ಬೆಳೆದ ರೋಹುವಿನ ಕರುಳನ್ನು ಬಿಡಿಸಿ ನೆಲದ ಮೇಲೆ ಇಟ್ಟು ನೋಡಿ, ಮೈಯುದ್ದದ ಹಲವು ಪಟ್ಟು ಇರುತ್ತದೆ.

ಬೆಳೆಯುತ್ತಾ ಬಾಯಿಯೂ ತನ್ನ ಗುಣ ತೋರಿಸುತ್ತದೆ. ಕಾಟ್ಲಾದ ಕೆಳದವಡೆ ಮುಂದೆ ಚಾಚಿ, ಬಾಯಿ ಮೇಲಕ್ಕೆ ತೆರೆಯುತ್ತದೆ. ಕಿವಿರಿನ ಒಳಗೆ ಒತ್ತಾದ ಜರಡಿ ಇದೆ. ಹಾಗಾಗಿ ದೊಡ್ಡದಾದರೂ ತೇಲುವ ಹುಳ ಸೋಸಿ ತಿನ್ನುವುದನ್ನು ಬಿಡುವುದಿಲ್ಲ. ರೋಹುವಿನ ತುಟಿಯಂಚು ಜಾಲರಿ ಹಾಗೆ, ಕಲ್ಲು-ಕಡ್ಡಿ ಮೇಲಿನ ಪಾಚಿ ಕೆರೆಯುವುದಕ್ಕೆ ಹೇಳಿ ಮಾಡಿಸಿದ್ದು. ಮೃಗಾಲಿನ ಬಾಯಿ ಕೆಳಮುಖ, ತಳದ ಕೊಳೆತ ಎಲೆ, ಕೆಸರಿಗೆ ಒಗ್ಗಿದ್ದು. ನಾಲ್ಕು ಇಂಚು ದಾಟುವ ಹೊತ್ತಿಗೆ ಪಂಕ್ತಿ ಬೇರೆ ಬೇರೆಯಾಗಿರುತ್ತದೆ.

ಈಗ ಕಾಲದ ವಿಷಯ. ಇಲ್ಲೇ ಹೇಳಬೇಕಾದ್ದು ಜಾಸ್ತಿ ಇದೆ.

ಆಷಾಢದ ಗಾಳಿ, ಪುನರ್ವಸು-ಪುಷ್ಯದ ಮಳೆ. ನಿಮ್ಮ ಕೆರೆ ತುಂಬಿಸುವ ಹರಿದ್ರಾ ಹಳ್ಳದಲ್ಲಿ ಕೆಂಪು ನೀರು ಬರುತ್ತದೆ. ನೀರು ಬಂತು, ಇನ್ನೇನು ಮೀನಿಗೆ ಹಬ್ಬ ಅಂತ ನಾವು ಅಂದುಕೊಳ್ಳುತ್ತೇವೆ. ತೇಲುವ ಹುಳಕ್ಕೆ ಅದು ಹಬ್ಬವಲ್ಲ. ಕದಡಿದ ನೀರಿನಲ್ಲಿ ಬಿಸಿಲು ಇಳಿಯುವುದಿಲ್ಲ, ಪಾಚಿ ಬೆಳೆಯುವುದಿಲ್ಲ. ಪಾಚಿ ಇಲ್ಲದಿದ್ದರೆ ನೀರುಚಿಗಟವೂ ಇಲ್ಲ. ಆಗ ಬದುಕುವುದು ಹೊಸ ನೀರಿನ ಜೊತೆ ಬಂದ ತರಗೆಲೆ, ಎರೆಹುಳು, ಮಳೆಹುಳು ತಿನ್ನಬಲ್ಲ ಮೀನು. ಪುಟ್ಟ ಕಾಟ್ಲಾ ಮರಿಗೆ ಇದು ಬರಗಾಲ.

ಸೆಪ್ಟೆಂಬರ್ ಕೊನೆಗೆ ಮಣ್ಣು ತಳ ಸೇರುತ್ತದೆ. ಮಳೆ ತಂದ ಸಾರ ನೀರಲ್ಲೇ ಉಳಿದಿರುತ್ತದೆ. ಅದರ ಮೇಲೆ ಹಸ್ತ-ಚಿತ್ತಿಯ ನಡುವಿನ ಬಿಸಿಲು ಬಿದ್ದರೆ ನೀರು ತಿಳಿಹಸಿರು ತಿರುಗುತ್ತದೆ, ಹಿಂದೆಯೇ ನೀರುಚಿಗಟ ಹುಟ್ಟುತ್ತದೆ. ನೀವು ಅಕ್ಟೋಬರಿನಲ್ಲಿ ನೋಡಿದ್ದು ಇದನ್ನು. ಮೂರೂ ಜಾತಿ ಒಂದೇ ಊಟ ಮಾಡುತ್ತಿದ್ದವು. ಆದರೂ ಜಗಳ ಇರಲಿಲ್ಲ, ಯಾಕೆಂದರೆ ಬೇಕಾದಷ್ಟು ಇತ್ತು. ಹೊಟ್ಟೆಯಲ್ಲಿ ಒಂದೇ ಪದಾರ್ಥ ಸಿಕ್ಕಿತು ಅಂದ ಮಾತ್ರಕ್ಕೆ ಪೈಪೋಟಿ ಅನ್ನಬೇಡಿ. ಹೊಟ್ಟೆ ತುಂಬಿತ್ತಾ, ಅರ್ಧವಿತ್ತಾ ಅಂತಲೂ ನೋಡಿ. ಮುಂದಿನ ಸಲ ಅದನ್ನೂ ಬರೆದಿಡಿ.

ಡಿಸೆಂಬರ್-ಜನವರಿಯ ಚಳಿಯಲ್ಲಿ ಎಲ್ಲವೂ ಕಡಿಮೆ ತಿನ್ನುತ್ತವೆ. ಈ ಮೂರೂ ಸೇರುವ ಗೆಂಡೆ (ಕಾರ್ಪ್) ಜಾತಿಗೆ 25ರಿಂದ 30 ಡಿಗ್ರಿ ಹಿತ. ತಣ್ಣಗಾದರೆ ಅರಗುವುದೂ ನಿಧಾನ. ಫೆಬ್ರುವರಿ ದಾಟಿ ನೀರು ಬೆಚ್ಚಗಾದಾಗ ಹುಳ ಮತ್ತೆ ಹೆಚ್ಚುತ್ತದೆ. ಆದರೆ ಅಷ್ಟರಲ್ಲಿ ನಿಮ್ಮ ಮೃಗಾಲ್ ದೊಡ್ಡದಾಗಿದೆ, ಅದು ತಳಕ್ಕೆ ಹೋಗಿಬಿಟ್ಟಿದೆ.

ತೊಡಕು ಇರುವುದು ಇಲ್ಲೇ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. ಅದಕ್ಕೇ ಪ್ರತಿ ವರ್ಷ ಮರಿ ತಂದು ಬಿಡುತ್ತೇವೆ. ಈ ಮರಿ ಸುಲಭವಾಗಿ ಸಿಗುವಂತಾದದ್ದು ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುವ ಕ್ರಮದಿಂದ. 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಅವರು ಕಟಕ್‌ನಲ್ಲಿ ಅದನ್ನು ಮಾಡಿ ತೋರಿಸಿದರು. ಮೀನು ಕೃಷಿಕರ ದಿನ ಅದೇ ತಾರೀಕಿಗೆ ಬರುತ್ತದೆ. ಇರಲಿ. ಮರಿಗಳೆಲ್ಲ ಒಂದೇ ವಯಸ್ಸಿನವು. ಅಕ್ಟೋಬರಿನಲ್ಲಿ ಎಲ್ಲವೂ ಚಿಕ್ಕವು, ಮಾರ್ಚಿನಲ್ಲಿ ಎಲ್ಲವೂ ದೊಡ್ಡವು. ಹಾಗಾದರೆ ಕಾಲ ಬೇರೆ, ವಯಸ್ಸು ಬೇರೆ ಮಾಡಿ ನೋಡುವುದು ಹೇಗೆ?

ಒಂದು ದಾರಿ ಇದೆ. ಸಾಮಾನ್ಯ ಗೆಂಡೆ ಕೆರೆಯಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ಜನವರಿಯಿಂದ ಅದರ ಮರಿ ಶುರು. ಜಿಲೇಬಿ ಮೀನಂತೂ (ಟಿಲಾಪಿಯಾ) ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಮಾರ್ಚಿನಲ್ಲಿ ದಡದ ಹತ್ತಿರ ಇವುಗಳ ಇಂಚುದ್ದದ ಮರಿ ಹಿಡಿದು ಕೊಯ್ದು ನೋಡಿ. ಅವುಗಳ ಹೊಟ್ಟೆಯಲ್ಲಿ ತೇಲುವ ಹುಳ ಸಿಕ್ಕರೆ, ಕೆರೆಯಲ್ಲಿ ಹುಳ ಇದೆ, ನಿಮ್ಮ ಮೃಗಾಲ್ ವಯಸ್ಸಿಗೆ ತಕ್ಕಂತೆ ಊಟ ಬದಲಿಸಿದೆ ಅಂತ ಅರ್ಥ. ಆ ಮರಿಗಳ ಹೊಟ್ಟೆಯಲ್ಲೂ ಬರೀ ಕೆಸರು, ಪಾಚಿ ಇದ್ದರೆ ಕಾಲವೇ ಕೈಕೊಟ್ಟಿದೆ. ಬೆಳಿಗ್ಗೆಯೇ ಹಿಡಿದು, ತಕ್ಷಣ ಕೊಯ್ಯಿರಿ. ಬೇಸಿಗೆಯಲ್ಲಿ ಹೊಟ್ಟೆಯೊಳಗಿನದ್ದು ಬೇಗ ಕರಗಿ ಎಲ್ಲವೂ ಕೆಸರಿನ ಹಾಗೇ ಕಾಣುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಒಂದಿಂಚಿನ ಮರಿಯನ್ನು ಅಷ್ಟು ದೊಡ್ಡ ಕೆರೆಗೆ ನೇರ ಬಿಡಬೇಡಿ. ಕೊರವ, ಬಾಳೆ ಮೀನಿನ ಬಾಯಿಗೆ ಅದು ಒಂದು ತುತ್ತು. ಜಲಾಶಯಕ್ಕೆ ಬಿಡುವ ಮರಿ 10 ಸೆಂಟಿಮೀಟರ್ ಆದರೂ ಇರಬೇಕು. ಚಿಕ್ಕ ಕೊಳದಲ್ಲೋ ಬಲೆಯ ಆವರಣದಲ್ಲೋ ಎರಡು-ಮೂರು ತಿಂಗಳು ಸಾಕಿ ಬಿಡಿ. ಆಗ ಕೆಂಪು ನೀರಿನ ಬರಗಾಲವನ್ನೂ ದಾಟಿಸಿದ ಹಾಗಾಗುತ್ತದೆ. ಬಿಡುವಾಗ ತೂಬು, ಕೋಡಿಯಿಂದ ದೂರ ಬಿಡಿ. ಸುತ್ತಲ ಗದ್ದೆಗಳಿಗೆ ಕೀಟನಾಶಕ ಹೊಡೆದ ವಾರ ಮಾತ್ರ ಬೇಡವೇ ಬೇಡ. ಮೀನು ಸತ್ತು ತೇಲದಿದ್ದರೂ ನೀರುಚಿಗಟ ಮೊದಲೇ ಸತ್ತಿರುತ್ತದೆ. ಎಲೆ ಹಾಕಿ ಅನ್ನ ಬಡಿಸದ ಹಾಗೆ ಆಗುತ್ತದೆ ಮರಿಗಳ ಪಾಡು.

ಪ್ರಶ್ನೆ: ವಾಣಿವಿಲಾಸ ಸಾಗರ ಕೋಡಿ ಬಿದ್ದ ಮೇಲಿನ ವರ್ಷ ನಮ್ಮ ಹಿನ್ನೀರಿನ ಕಡೆ ಮರಿಗಳು ದಷ್ಟಪುಷ್ಟವಾಗಿ ಬೆಳೆದವು. ಈಗ ನೀರಿದ್ದರೂ ಸೊರಗಿ ಕಾಣುತ್ತವೆ. ನೀರು ಜಾಸ್ತಿ ಇದ್ದರೆ ಊಟವೂ ಜಾಸ್ತಿ ಅಲ್ವಾ? — ಹೊಸದುರ್ಗ ತಾಲ್ಲೂಕಿನ ಓದುಗರು

ಅಲ್ಲ. ಮೀನಿನ ಊಟ ನೀರಿನ ಅಳತೆಗಿಂತ, ನೀರು ಹೊಸದಾಗಿ ಮುಳುಗಿಸಿದ ನೆಲದ ಮೇಲೆ ನಿಂತಿದೆ.

ಮಾರಿಕಣಿವೆ, ಅಂದರೆ ನಿಮ್ಮ ವಾಣಿವಿಲಾಸ ಸಾಗರದ ಅಣೆಕಟ್ಟು, ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಷ್ಟು ವರ್ಷ! ಅಷ್ಟು ಕಾಲ ಮೇಲಂಚಿನಲ್ಲಿ ಜಾಲಿ ಬೆಳೆದಿತ್ತು, ಹುಲ್ಲು ಬೆಳೆದಿತ್ತು, ದನ-ಕುರಿ ಮೇಯ್ದು ಗೊಬ್ಬರ ಬಿದ್ದಿತ್ತು. ಅದೆಲ್ಲ ಒಮ್ಮೆಲೇ ಮುಳುಗಿ ಕೊಳೆಯಿತು. ಕೊಳೆತದ್ದರಿಂದ ಪಾಚಿ, ಪಾಚಿಯಿಂದ ಹುಳ, ಮುಳುಗಿದ ಜಾಲಿ ಕೊಂಬೆಗಳ ಮೇಲೆ ಲೋಳೆ. ಮರಿಗಳಿಗೆ ಅಡಗಲು ಜಾಗ, ತಿನ್ನಲು ಊಟ, ಎರಡೂ ಸಿಕ್ಕವು. ಹೊಸದಾಗಿ ತುಂಬಿದ ಯಾವ ಜಲಾಶಯದಲ್ಲೂ ಇದು ಆಗುತ್ತದೆ, ಆ ಸಾರ ಕೆಲವು ವರ್ಷಕ್ಕೆ ಮುಗಿಯುವುದೂ ಅಷ್ಟೇ ಸಹಜ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ರೈತರಿಗೆ ಅದಕ್ಕಿಂತ ಸಂತೋಷದ ಸುದ್ದಿ ಬೇರೆ ಇಲ್ಲ, ನನಗೂ ಹಾಗೇ. ಆದರೆ ನೀರು ಮೇಲೇ ನಿಂತರೆ ಅಂಚಿನ ನೆಲ ಒಣಗಿ, ಹುಲ್ಲು ಬೆಳೆದು, ಮತ್ತೆ ಮುಳುಗುವ ಸರದಿ ಕಡಿಮೆಯಾಗುತ್ತದೆ. ಮರಿಯ ಸಂಖ್ಯೆಯನ್ನು ಆ ಒಂದು ಒಳ್ಳೆಯ ವರ್ಷ ನೋಡಿ ಏರಿಸಿದ್ದರೆ, ಈಗ ಇಳಿಸಿ. ಬಿಡುವ ಜಾಗವನ್ನೂ ಗಮನಿಸಿ. ಗುಡ್ಡದ ಬುಡದ ಆಳ ನೀರಿಗಿಂತ ನಿಮ್ಮ ಹಿನ್ನೀರಿನ ತೆಳು ನೀರಿನಲ್ಲಿ ಊಟ ಜಾಸ್ತಿ. ಮೊಣಕೈವರೆಗೆ ಕೈ ಇಳಿಸಿ ನೋಡಿ. ಅಂಗೈ ಸ್ಪಷ್ಟವಾಗಿ ಕಂಡರೆ ಅಲ್ಲಿ ಮರಿಗೆ ಊಟ ತೆಳು. ಹಸಿರಿಗೆ ಅಂಗೈ ಮರೆಯಾದರೆ ಒಳ್ಳೆಯದು. ಮಣ್ಣಿಗೆ ಮರೆಯಾದರೆ ಅದು ಲೆಕ್ಕಕ್ಕಿಲ್ಲ.

ಪ್ರಶ್ನೆ: ದಾವಣಗೆರೆಯಿಂದ ಕೊಂಡಜ್ಜಿ ಕೆರೆಗೆ ಹೋದಾಗಲೆಲ್ಲ ನನ್ನ ಮಗಳು ಮೀನಿಗೆ ಮಂಡಕ್ಕಿ ಹಾಕುತ್ತಾಳೆ. ಮರಿಗಳಿಗೆ ತೊಂದರೆಯಾ?

ಒಂದು ಹಿಡಿಗೆ ಏನೂ ಆಗುವುದಿಲ್ಲ. ಖಾಲಿ ಮಂಡಕ್ಕಿ ಹಾಕಲಿ, ಒಗ್ಗರಣೆ ಹಾಕಿದ್ದು ಬೇಡ. ಚೀಲಗಟ್ಟಲೆ ಸುರಿದರೆ ಕೊಳೆತು ನೀರು ಕೆಡುತ್ತದೆ. ಅದನ್ನು ನುಂಗುವುದು ಹೆಚ್ಚಾಗಿ ಜಿಲೇಬಿ, ಗೆಂಡೆ. ಎಳೆ ಮರಿಗಳಿಗೆ ಅದು ದೊಡ್ಡ ತುತ್ತು, ಮೈ ಬೆಳೆಸುವ ಸಾರವೂ ಅದರಲ್ಲಿ ಕಡಿಮೆ. ಮುಂದಿನ ಸಲ ಹೋದಾಗ ಒಂದು ಗಾಜಿನ ಲೋಟದಲ್ಲಿ ಕೆರೆ ನೀರು ತುಂಬಿ, ಬಿಸಿಲಿಗೆ ಹಿಡಿದು ಮಗಳಿಗೆ ತೋರಿಸಿ. ಎಳ್ಳಿನ ಕಾಳಿಗಿಂತ ಚಿಕ್ಕ ಚುಕ್ಕಿಗಳು ಪುಟುಪುಟು ನೆಗೆಯುತ್ತಿದ್ದರೆ, ಮರಿ ತಿನ್ನುವ ನೀರುಚಿಗಟ ಅದೇ.