ಸ್ಪೀಡ್ ಪೂರ್ತಿ ಇದೆ, ಮಾತು ಯಾಕೆ ತುಂಡಾಗುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ವಿಡಿಯೊ ಕಾಲ್ ಬಗ್ಗೆ. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮನೆಗೆ 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ ತೋರಿಸುತ್ತದೆ. ಆದರೆ ಅಮೆರಿಕದಲ್ಲಿರುವ ಮಗಳ ಜೊತೆ ಮಾತಾಡುವಾಗ ಧ್ವನಿ ತುಂಡು ತುಂಡಾಗಿ ಬರುತ್ತದೆ. ಒಬ್ಬರು ಲೇಟೆನ್ಸಿ ಅಂತಾರೆ, ಇನ್ನೊಬ್ಬರು ಜಿಟ್ಟರ್ ಅಂತಾರೆ. ಕನೆಕ್ಷನ್ ಕೊಟ್ಟವರು 300ರ ಪ್ಲಾನ್ ತಗೊಳ್ಳಿ ಅಂತಾರೆ. ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಪ್ಲಾನ್ ಬದಲಿಸಬೇಡಿ. ಇಬ್ಬರ ನಡುವಿನ ವಿಡಿಯೊ ಕಾಲ್‌ಗೆ ಎರಡು-ಮೂರು ಎಂಬಿಪಿಎಸ್ ಇದ್ದರೆ ಸಾಕು. ಬರೀ ಮಾತಿಗಾದರೆ ಅದರಲ್ಲೂ ಸಣ್ಣ ಪಾಲು. ನಿಮ್ಮಲ್ಲಿ 100 ಇದೆ. ಕೊರತೆ ಇರುವುದು ಅಲ್ಲಿ ಅಲ್ಲ.

ಫೋನು ಏನು ಮಾಡುತ್ತದೆ ನೋಡಿ. ನೀವು ಆಡಿದ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನೂ ಒಂದೊಂದು ಪ್ಯಾಕೆಟ್‌ನಲ್ಲಿಟ್ಟು ಕಳಿಸುತ್ತದೆ. ಸೆಕೆಂಡಿಗೆ 50 ಪ್ಯಾಕೆಟ್ ಆಯಿತು. ಇದನ್ನು ನಿಮ್ಮೂರಿನಿಂದ ಶಿವಮೊಗ್ಗಕ್ಕೆ 20 ನಿಮಿಷಕ್ಕೊಂದರಂತೆ ಬಿಡುವ ಬಸ್ಸು ಅಂದುಕೊಳ್ಳಿ. ಬಸ್ಸು ಶಿವಮೊಗ್ಗ ಮುಟ್ಟಲು ಎಷ್ಟು ಹೊತ್ತು ಬೇಕೋ ಅದು ಲೇಟೆನ್ಸಿ. ಎಲ್ಲ ಬಸ್ಸುಗಳೂ ಒಂದೇ ಸಮ ಅರ್ಧ ಗಂಟೆ ತಡವಾದರೆ ಅಲ್ಲಿ ಕಾಯುತ್ತಿರುವವರಿಗೆ 20 ನಿಮಿಷಕ್ಕೊಂದು ಬಸ್ಸು ಸಿಗುತ್ತಲೇ ಇರುತ್ತದೆ, ಅಲ್ವಾ? ಆದರೆ ಒಂದು ಗಂಟೆ ಏನೂ ಬರದೆ, ಆಮೇಲೆ ಮೂರು ಬಸ್ಸು ಒಂದರ ಹಿಂದೊಂದು ಬಂದರೆ ಅದು ಜಿಟ್ಟರ್. ಒಂದು ಬಸ್ಸು ದಾರಿಯಲ್ಲೇ ಕೆಟ್ಟು ನಿಂತರೆ ಪ್ಯಾಕೆಟ್ ಲಾಸ್. ರಸ್ತೆಯ ಅಗಲ ಬ್ಯಾಂಡ್‌ವಿಡ್ತ್. ಸ್ಪೀಡ್ ಟೆಸ್ಟ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಸಂಖ್ಯೆ ರಸ್ತೆಯ ಅಗಲದ್ದು ಮಾತ್ರ.

ಕಳೆದುಹೋದ ಪ್ಯಾಕೆಟ್ ಅನ್ನು ಮತ್ತೆ ಕಳಿಸಬಾರದಾ ಅಂತ ನೀವು ಕೇಳಬಹುದು. ಫೈಲ್ ಡೌನ್‌ಲೋಡ್ ಆಗುವಾಗ ಹಾಗೇ ಮಾಡುತ್ತಾರೆ. ಮಾತಿನಲ್ಲಿ ಅದಕ್ಕೆ ಪುರಸೊತ್ತು ಕಡಿಮೆ. ಊಟ ಮುಗಿದ ಮೇಲೆ ಬಂದ ಬಾಳೆಲೆಯಿಂದ ಏನು ಪ್ರಯೋಜನ? ಅದಕ್ಕೇ ಆ ಕಡೆಯ ಫೋನು ಬಂದ ಚೂರುಗಳನ್ನು ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಂಡು, ಸರಿಯಾದ ಅಂತರದಲ್ಲಿ ಒಂದೊಂದಾಗಿ ಬಿಡುತ್ತದೆ. ಇದಕ್ಕೆ ಜಿಟ್ಟರ್ ಬಫರ್ ಅಂತ ಹೆಸರು. ಏರುಪೇರು ಅದರ ಕೈ ಮೀರಿದಾಗ ನಿಮಗೆ ಮಾತು ತುಂಡಾಗಿ ಕೇಳುತ್ತದೆ.

ಇನ್ನು ಅಮೆರಿಕದ ದೂರ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅದಕ್ಕಿಂತ ಜೋರಾಗಿ ಓಡಿಸಲು ಯಾವ ಪ್ಲಾನಿಗೂ ಆಗುವುದಿಲ್ಲ. ಒಂದು ಕಡೆಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆಗೆ ತೊಂದರೆ ಇಲ್ಲ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. ಮಗಳ ಉತ್ತರ ಒಂದು ಕ್ಷಣ ತಡವಾಗಿ ಬಂದರೆ ಅದು ದೂರದ ಪಾಲು, ಸಹಿಸಿಕೊಳ್ಳಿ. ತುಂಡಾಗುವುದು ಮಾತ್ರ ಜಿಟ್ಟರ್ ಅಥವಾ ಲಾಸ್, ಅದನ್ನು ಹುಡುಕಿ ಸರಿ ಮಾಡಬಹುದು.

ಹುಡುಕುವುದು ಮನೆಯೊಳಗಿನಿಂದಲೇ ಶುರುವಾಗಲಿ. ನಮ್ಮ ಮನೆಯಲ್ಲೂ ಇದೇ ತೊಂದರೆ ಇತ್ತು, ನಾನೂ ಸುಮ್ನೆ ದೊಡ್ಡ ಪ್ಲಾನಿಗೆ ಆರು ತಿಂಗಳು ದುಡ್ಡು ಕಟ್ಟಿದೆ. ಒಂದು ದಿನ ಕಂಪ್ಯೂಟರಿನಿಂದ ನಮ್ಮದೇ ರೌಟರ್‌ಗೆ ಪಿಂಗ್ ಕೊಟ್ಟು ನೋಡಿದೆ, ಅಂದರೆ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಬೇಕು ಅಂತ ಅಳೆದೆ. 3, 4, 3, 190, 5, 260 ಮಿಲಿಸೆಕೆಂಡ್, ಹೀಗೆ ಬರುತ್ತಿತ್ತು. ರೌಟರ್ ಇದ್ದದ್ದು ಪಕ್ಕದ ಕೋಣೆಯ ಕಬ್ಬಿಣದ ಬೀರುವಿನ ಹಿಂದೆ. ಐದು ಮೀಟರ್ ಕೇಬಲ್ ತಂದು ನೇರ ಸಿಕ್ಕಿಸಿದೆ. ಆಮೇಲೆ ಉದ್ದಕ್ಕೂ 1, 1, 1. ಅವತ್ತಿನಿಂದ ಒಂದು ಮಾತೂ ತುಂಡಾಗಿಲ್ಲ. ನೀವೂ ಹೀಗೇ ನೋಡಿ. ರೌಟರ್‌ವರೆಗೆ ಸಂಖ್ಯೆಗಳು ಸಮವಾಗಿದ್ದು ಆಚೆಗೆ ಜಿಗಿಯುತ್ತಿದ್ದರೆ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ. ಆದರೆ ‘ನೆಟ್ ಸ್ಲೋ ಇದೆ’ ಅನ್ನಬೇಡಿ. ಅಂದರೆ ಅವರು ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ ಹೋಗುತ್ತಾರೆ. ‘ಪ್ಯಾಕೆಟ್ ಲಾಸ್ ಆಗುತ್ತಿದೆ, ಜಿಟ್ಟರ್ ಇದೆ, ಪಿಂಗ್ ಫೋಟೊ ಕಳಿಸುತ್ತೇನೆ’ ಅನ್ನಿ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಮಲ್ಟಿಮೀಡಿಯಾ ವಿಷಯದಲ್ಲಿ ಎಚ್.323, ಗೇಟ್‌ವೇ, ಗೇಟ್‌ಕೀಪರ್, ಎಂಸಿಯು ಎಲ್ಲ ಇದೆ. ಈಗ ಇವನ್ನು ಯಾರು ಬಳಸುತ್ತಾರೆ? ಹೆಸರುಗಳೂ ಕಲಸಿಹೋಗುತ್ತವೆ.
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಎಚ್.323 ಅಂದರೆ ಇಂಟರ್ನೆಟ್‌ನಂಥ ಜಾಲದಲ್ಲಿ ಧ್ವನಿ-ವಿಡಿಯೊ ಕರೆ ಮಾಡಲು ಇರುವ ನಿಯಮಗಳ ಕಟ್ಟು. ಮೊದಲು ಕಲಸಿಹೋಗುವ ಎರಡು ಹೆಸರು. ಗೇಟ್‌ವೇ ಅಂದರೆ ದುಭಾಷಿ. ಎಚ್.323 ಜಾಲದಲ್ಲಿರುವವರು ಮಾಮೂಲಿ ದೂರವಾಣಿ ಜಾಲದವರ ಜೊತೆ ಮಾತಾಡಬೇಕಾದರೆ ನಡುವೆ ನಿಂತು ಭಾಷೆ ಬದಲಿಸಿಕೊಡುವುದು ಅದರ ಕೆಲಸ. ಗೇಟ್‌ಕೀಪರ್ ಮಾತನ್ನು ಅನುವಾದಿಸುವುದಿಲ್ಲ. ಯಾರನ್ನು ಒಳಗೆ ಬಿಡಬೇಕು, ಈ ನಂಬರು ಯಾವ ವಿಳಾಸದಲ್ಲಿದೆ, ಈ ಕರೆಗೆ ಎಷ್ಟು ಬ್ಯಾಂಡ್‌ವಿಡ್ತ್ ಕೊಡಬೇಕು ಅಂತ ನೋಡಿಕೊಳ್ಳುತ್ತದೆ. ಅದಿಲ್ಲದೆಯೂ ಎಚ್.323 ಕರೆ ನಡೆಯುತ್ತದೆ.

ಎಂಸಿಯು, ಅಂದರೆ ಹಲವರ ಕರೆಯನ್ನು ಒಂದುಗೂಡಿಸುವ ಯಂತ್ರ, ಅದನ್ನು ಸ್ವಲ್ಪ ಗಮನವಿಟ್ಟು ಓದಿ, ಯಾಕಂದರೆ ಇವತ್ತಿನ ಮೀಟಿಂಗ್ ಆ್ಯಪ್‌ಗಳು ಅರ್ಥವಾಗುವುದು ಅಲ್ಲಿಂದಲೇ. ಹಳ್ಳಿಯ ಡೇರಿಯಲ್ಲಿ ಮನೆಮನೆಯ ಹಾಲನ್ನು ಒಂದೇ ಕ್ಯಾನಿಗೆ ಸುರಿಯುತ್ತಾರಲ್ಲ, ಎಂಸಿಯು ಹಾಗೆ. ಎಲ್ಲರ ವಿಡಿಯೊ ಬಿಚ್ಚಿ, ಬೆರೆಸಿ, ಒಂದೇ ಚಿತ್ರ ಮಾಡಿ ಹಂಚುತ್ತದೆ. ಈಗ ಜಾಸ್ತಿ ಬಳಕೆಯಲ್ಲಿರುವುದು ಎಸ್ಎಫ್‌ಯು. ಅದು ಅಂಚೆ ಕಚೇರಿ ಇದ್ದಂತೆ. ಲಕೋಟೆ ಒಡೆಯದೆ ವಿಳಾಸ ನೋಡಿ ಆಯಾ ಮನೆಗೆ ತಲುಪಿಸುತ್ತದೆ. ಬೆರೆಸುವ ಕೆಲಸ ಇಲ್ಲದ್ದರಿಂದ ಸರ್ವರ್‌ಗೆ ಭಾರ ಕಡಿಮೆ, ತಡವೂ ಕಡಿಮೆ. ಲಕೋಟೆ ಒಡೆಯಬೇಕಿಲ್ಲ ಅನ್ನುವ ಕಾರಣಕ್ಕೇ ಈ ಕಡೆಯಿಂದ ಆ ಕಡೆಯವರೆಗೆ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ ಗುಂಪು ಕರೆ ಸಾಧ್ಯ. ಎಂಸಿಯು ಒಳಗೆ ಅದು ಆಗುವುದಿಲ್ಲ, ಹಾಲು ನೋಡದೆ ಬೆರೆಸುವುದು ಹೇಗೆ?

ಎಚ್.323 ಬಂದದ್ದು 1996ರಲ್ಲಿ. ಅದರ ಬಳಕೆ ಈಗ ಕಡಿಮೆ, ಆದರೆ ಅದು ಧ್ವನಿ-ಚಿತ್ರ ಸಾಗಿಸಲು ಬಳಸಿದ ಆರ್‌ಟಿಪಿ ಎಂಬ ವಿಧಾನ, ಬ್ರೌಸರಿನಲ್ಲೇ ಕರೆ ಮಾಡಿಸುವ ಇವತ್ತಿನ ವೆಬ್‌ಆರ್‌ಟಿಸಿಯಲ್ಲೂ ಇದೆ. ಅದರ ಪಕ್ಕದಲ್ಲಿ ನೀವು ಓದುವ ಸಿಪ್ (ಕರೆ ಜೋಡಿಸುವ, ಮುಗಿಸುವ ನಿಯಮ), ನಿಮ್ಮ 4ಜಿ ಫೋನಿನ ಪ್ರತಿ ವೋಲ್ಟಿ (4ಜಿ ಜಾಲದಲ್ಲೇ ಸಾಗುವ) ಕರೆಯಲ್ಲೂ ಕೆಲಸ ಮಾಡುತ್ತಿದೆ. ಹಳೆಯದು ಅಂತ ಬಿಟ್ಟುಬಿಡಬೇಡಿ.

ಪ್ರಶ್ನೆ: ಹಿಂದೆ ಉಪಗ್ರಹದ ಮೂಲಕ ಬರುತ್ತಿದ್ದ ವಿಟಿಯು ಎಜುಸ್ಯಾಟ್ ಪಾಠಗಳಲ್ಲಿ ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ನಿಶ್ಶಬ್ದ ಇರುತ್ತಿತ್ತು. ನಮ್ಮ ಉಪಕರಣದ ದೋಷವಾ?
– ನಿವೃತ್ತ ಉಪನ್ಯಾಸಕರು, ಹಾವೇರಿ

ಉತ್ತರ: ಅಲ್ಲ ಸರ್. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಇದ್ದದ್ದು ಸುಮಾರು 36,000 ಕಿಲೋಮೀಟರ್ ಮೇಲೆ. ನಿಮ್ಮ ಪ್ರಶ್ನೆ ಅಲ್ಲಿಗೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡು. ಅರ್ಧ ಸೆಕೆಂಡು ಅಲ್ಲೇ ಹೋಯಿತು. ಅದರ ಮೇಲೆ ವಿಡಿಯೊ ಕುಗ್ಗಿಸಿ ಬಿಚ್ಚುವ ಹೊತ್ತು ಬೇರೆ.

ಪ್ರಶ್ನೆ: ಇವಕ್ಕೆಲ್ಲ ಕನ್ನಡ ಪದ ಬೇಡವೇ?
– ಓದುಗರು, ಮೈಸೂರು

ಉತ್ತರ: ಬೇಕು, ಆದರೆ ಬಾಯಿಗೆ ಬರುವಂಥದ್ದು. ಪತ್ರಿಕೆಗಳು ‘ವಿಡಿಯೊ ಸಂವಾದ’ ಅಂತ ಬರೆದವು, ಅದು ನಿಂತಿತು. ಲೇಟೆನ್ಸಿಗೆ ‘ತಡ’ ಸಾಕು, ಜಿಟ್ಟರ್‌ಗೆ ‘ತಡದ ಏರುಪೇರು’ ಅನ್ನಬಹುದು. ಎರಡಕ್ಕೂ ‘ವಿಳಂಬ’ ಅಂತ ಒಂದೇ ಪದ ಬರೆಯುವುದು ನನಗೆ ಒಪ್ಪಿಗೆ ಇಲ್ಲ, ಮೇಲಿನ ಸಾಗರದವರ ತೊಂದರೆಯನ್ನು ಆ ಪದ ಮುಚ್ಚಿಹಾಕುತ್ತದೆ. ಕೋಡೆಕ್ (ಧ್ವನಿ-ವಿಡಿಯೊ ಕುಗ್ಗಿಸಿ ಬಿಚ್ಚುವ ತಂತ್ರ), ಪ್ಯಾಕೆಟ್ ಹಾಗೇ ಇರಲಿ, ರೈಲು-ಬಸ್ಸಿನಂತೆ ನಮ್ಮವೇ ಆಗುತ್ತವೆ.

ಪ್ರಶ್ನೆ: ಮೀಟಿಂಗ್‌ನಲ್ಲಿ ನಾನಾಡಿದ ಮಾತು ನನಗೇ ವಾಪಸ್ ಕೇಳುತ್ತದೆ. ಹೊಸ ಫೋನ್ ತಗೊಳ್ಳಬೇಕಾ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಸಾಮಾನ್ಯವಾಗಿ ತಪ್ಪು ಆ ಕಡೆ ಇರುತ್ತದೆ. ಅಲ್ಲಿನ ಸ್ಪೀಕರಿನಿಂದ ಹೊರಟ ನಿಮ್ಮ ಧ್ವನಿ ಅವರದೇ ಮೈಕಿಗೆ ಹೊಕ್ಕು ತಿರುಗಿ ಬರುತ್ತಿದೆ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡಿಸಿ ನೋಡಿ. ಯಾರು ಮ್ಯೂಟ್ ಆದಾಗ ನಿಲ್ಲುತ್ತದೋ ಅವರಿಗೆ ಇಯರ್‌ಫೋನ್ ಹಾಕಿಕೊಳ್ಳಲು ಹೇಳಿ.